ಕೂಸಿಲ್ಲದ ಬಾಣಂತನ

"ಬ್ಯಾಡಿ ಅತ್ತೆ, ಇವತ್ತು ಹೊಗೆ ಬ್ಯಾಡಿ," ಎಂದುಬಿಟ್ಟಳು ಪ್ರೇಮಮ್ಮ, ಬಚ್ಚಲ ಬಾಗಿಲಲ್ಲೇ ನಿಂತು. ಮದುವೆಯಾಗಿ ಬಂದ ಲಾಗಾಯ್ತು ಅವಳು ಅತ್ತೆಗೆ ಬೇಡವೆಂದದ್ದೇ ಇಲ್ಲ.

ಕೆ.ಆರ್. ನಗರದ ಮಗಳ ಮನೆಯಿಂದ ಆಗತಾನೇ ಬಂದಿದ್ದ ಗುರುಶಾಂತಮ್ಮ ಸೀರೆ ಕೂಡ ಬದಲಿಸದೆ ಹಂಡೆಗೆ ಉರಿ ಹಾಕಿ, ಕೆಂಡಕ್ಕೆ ಸಾಂಬ್ರಾಣಿ ಉದುರಿಸಿದ್ದರು. ಗಾವಡಗೆರೆಯಲ್ಲಿ ಬಾಣಂತನವೆಂದರೆ ಗುರುಶಾಂತಮ್ಮ. ಅವರ ಕೈಲಿ ನೀರು ಹಾಕಿಸಿಕೊಂಡವಳು ಕಲ್ಲು ತಿಂದರೂ ಅರಗಿಸಿಕೊಳ್ಳುತ್ತಾಳೆಂದು ಊರೇ ಹೇಳುತ್ತಿತ್ತು. ಮೈಸೂರಿನಲ್ಲಿ ಸೊಸೆಯ ಗರ್ಭಕೋಶ, ಅಂಡಾಶಯ ಎರಡನ್ನೂ ತೆಗೆದು ಕಳಿಸಿದಾಗ ಅವರಿಗೆ ಗೊತ್ತಿದ್ದ ಆರೈಕೆ ಅದೊಂದೇ. "ಒಟ್ಟೆ ಬರಿದಾಯ್ತಲ್ಲ, ಇದೂ ಬಾಣಂತನವೇ ಕಣವ್ವ" ಎಂದು ದಿನವೂ ಸುಡುಸುಡು ನೀರು ಹುಯ್ದು, ಸೀಗೆಪುಡಿ ತಿಕ್ಕಿ, ಹೊಗೆಯ ಮೇಲೆ ಕೂರಿಸಿದರು. ಪ್ರೀತಿಯಿಂದಲೇ ಕೂರಿಸಿದರು. ಕಷ್ಟವಿದ್ದದ್ದೇ ಅಲ್ಲಿ.

ತೊಡೆಸಂದಿಯೆಲ್ಲ ಒಣಗಿ, ತುರಿಸಿ, ಉರಿಯುತ್ತಿತ್ತು. ನಾಲ್ಕು ಜನರ ನಡುವೆ ಕೂರುವಂತಿಲ್ಲ, ಕೆರೆದುಕೊಳ್ಳುವಂತೆಯೂ ಇಲ್ಲ. ಗಂಡ ಕಂಠಪ್ಪ ಹತ್ತಿರ ಬಂದರೆ ಗೋಡೆಯ ಕಡೆ ತಿರುಗುತ್ತಿದ್ದಳು. "ನನ್ ಮ್ಯಾಲೆ ಏನಾರ ಕ್ವಾಪವಾ?" ಎಂದು ಕೇಳಿ ಕೇಳಿ ಸಾಕಾಗಿ, ಪಾಪ, ಅವನು ಚಾಪೆಯನ್ನು ಜಗಲಿಗೆ ಒಯ್ದಿದ್ದ.

ಅತ್ತೆ ಮಗಳ ಮನೆಗೆ ಹೋದದ್ದೇ ತಡ, ಪ್ರೇಮಮ್ಮ ಹುಣಸೂರಿನ ಬಸ್ಸು ಹತ್ತಿದ್ದಳು. ಡಾಕ್ಟರಮ್ಮ ಎಲ್ಲ ಕೇಳಿ ನಕ್ಕುಬಿಟ್ಟರು. "ಕೂಸೇ ಇಲ್ಲ, ಬಾಣಂತನ ಯಾಕಮ್ಮಾ? ಮುಟ್ಟು ನಿಂತವರಿಗೆಲ್ಲ ಅಲ್ಲಿ ಪಸೆ ಆರುತ್ತೆ. ನಿನಗೆ ಆಪರೇಷನ್ ಆಗಿ ಬೇಗ ಆರಿದೆ. ಅದರ ಮೇಲೆ ಕೆಂಡ ಬೇರೆ!" ಸೀಗೆ, ಸಾಬೂನು, ಹೊಗೆ ಎಲ್ಲ ಬಿಡಿಸಿ, ಉಗುರುಬೆಚ್ಚಗಿನ ನೀರು ಸಾಕೆಂದು ಹೇಳಿ, ಪುಟ್ಟ ಡಬ್ಬಿಯಲ್ಲಿ ಮುಲಾಮು ಕೊಟ್ಟರು.

ಅದನ್ನು ಹಚ್ಚತೊಡಗಿ ಮೂರು ವಾರವಾಗಿತ್ತು. ನಿನ್ನೆ ಪಕ್ಕದ ಮನೆಯವರೊಡನೆ ಅವರೆಕಾಯಿ ಸುಲಿಯುತ್ತ ಕೂತವಳಿಗೆ ಏಳುವಾಗ ಹೊಳೆದಿತ್ತು: ಇಷ್ಟು ಹೊತ್ತೂ ತುರಿಕೆಯ ನೆನಪೇ ಬಂದಿಲ್ಲ! ಒಳಗೋಡಿ ಒಬ್ಬಳೇ ನಕ್ಕಿದ್ದಳು, ಅತ್ತೂ ಇದ್ದಳು. ಸಂಜೆ ಜಗಲಿಯ ಚಾಪೆಯನ್ನು ತಾನೇ ಒಳಗೆ ತಂದಿದ್ದಳು. ಇನ್ನು ಈ ಕೆಂಡದ ಮೇಲೆ ಕೂರುವುದು ಸಾಧ್ಯವೇ ಇರಲಿಲ್ಲ. ಉಸಿರು ಬಿಡದೆ ಎಲ್ಲವನ್ನೂ ಅತ್ತೆಗೆ ಹೇಳಿಬಿಟ್ಟಳು.

ಗುರುಶಾಂತಮ್ಮನ ಮುಖ ಸಣ್ಣಗಾಯಿತು. "ಅಂಗಾರೆ ನಾನೇ ನಿನ್ನ ಸುಟ್ಬುಟ್ನೇನವ್ವಾ?"

"ಅಯ್ಯೋ, ಅಂಗನ್ಬ್ಯಾಡಿ. ನಮ್ಮವ್ವನೂ ಇಂಗೆ ನೋಡ್ಕತಿರ್ಲಿಲ್ಲ. ಮುಟ್ಟು ನಿಂತೋರ್ಗೆಲ್ಲ ಇಂಗಾಯ್ತದಂತೆ ಅತ್ತೆ, ಡಾಕ್ಟ್ರಮ್ಮ ಏಳುದ್ರು."

ಅತ್ತೆ ಕೆಂಡದ ಮೇಲೆ ಒಂದು ಚೊಂಬು ನೀರು ಸುರಿದರು. ಮನೆಯಲ್ಲಿ ಬೇರೆ ಯಾರೂ ಇರಲಿಲ್ಲ, ಆದರೂ ದನಿ ತಗ್ಗಿಸಿದರು.

"ಎಲ್ಲಾರ್ಗೂವಾ?"

"ಊ ಅತ್ತೆ, ಎಲ್ಲಾರ್ಗೂ."

"ನನ್ನೊಬ್ಬಳ್ಗೇ ಅಂದ್ಕಂಡಿದ್ದೆ ಕಣವ್ವ. ನಿಮ್ಮಾವ ಬದುಕಿದ್ದಾಗ್ಲಿಂದ."

ಪ್ರೇಮಮ್ಮ ಓಡಿಹೋಗಿ ಡಬ್ಬಿ ತಂದು ಅತ್ತೆಯ ಕೈಯಲ್ಲಿಟ್ಟಳು. ಗುರುಶಾಂತಮ್ಮ ಅದನ್ನು ಸೆರಗಿನ ಮರೆಯಲ್ಲಿ ಹಿಡಿದು ಬಚ್ಚಲ ಬಾಗಿಲು ಹಾಕಿಕೊಂಡರು.

"ಪ್ರೇಮಾ, ಏಟು ಅಚ್ಚಬೇಕೇ?"

"ಬೆರಳ ತುದಿಯಷ್ಟು ಸಾಕು ಅತ್ತೆ. ಮೊದ್ಲು ನೀರು ಉಯ್ಕಳಿ. ಬಿಸಿ ಬ್ಯಾಡಿ."

ಒಳಗೆ ಹಂಡೆಗೆ ತಣ್ಣೀರು ಬೆರೆಸುವ ಸದ್ದು ಕೇಳಿಸಿತು.