ಚೌಕದ ಬೇವಿನ ಮರಕ್ಕೆ ಬೇಲಿ ಬಿದ್ದಾಗ

ಗಂಗಾವತಿಯ ಚೌಕದಲ್ಲಿ ತೋಟ ಏಳುವ ಮುಂಚೆ ಅಲ್ಲಿದ್ದದ್ದು ನಿಜಾಮನ ಕಾಲದ ದೀಪದ ಕಂಬ, ಎತ್ತುಗಳು ನೀರು ಕುಡಿಯುವ ಕಲ್ಲಿನ ಬಾನಿ ಮತ್ತು ಬೇವಿನ ಮರದ ಸುತ್ತ ಒಂದು ಕಟ್ಟೆ. ಕಟ್ಟೆ ಕೂಲಿ ಹೆಂಗಸರದ್ದು. ಬೆಳಗಾಗುತ್ತಲೇ ರೊಟ್ಟಿಗಂಟು ಹಿಡಿದು ಅಲ್ಲಿ ಕೂಡುತ್ತಿದ್ದರು; ನಾಟಿಗೆ ಆಳು ಬೇಕಾದವರು ಅಲ್ಲಿಗೇ ಬಂದು ಕರೆದೊಯ್ಯುತ್ತಿದ್ದರು. ಅವರಲ್ಲೊಬ್ಬಳಾದ ಹಂಪವ್ವ ಮಗಳಿಗೆ ಹಾಲೂಡಿಸಿದ್ದು ಆ ಕಟ್ಟೆಯ ಮೇಲೆ. ಗಂಡ ಸತ್ತ ಮೇಲೆ ಮತ್ತೆ ಕೂಲಿಗೆ ಹೊರಟ ದಿನ ಸೆರಗು ಮುಚ್ಚಿಕೊಂಡು ಅತ್ತದ್ದೂ ಅಲ್ಲಿಯೇ.

ಸಾವಿರದ ಒಂಬೈನೂರ ಎಪ್ಪತ್ತೆಂಟರಲ್ಲಿ ಊರ ಹಿರಿಯರಿಗೆ ಚೌಕ ಚಂದ ಕಾಣಬೇಕೆನಿಸಿತು. ಕಟ್ಟೆ ಕೆಡವಿದರು, ಬಾನಿ ಕಿತ್ತರು. ಕಾರಂಜಿ, ಹುಲ್ಲುಹಾಸು, ಸಿಮೆಂಟಿನ ಜೋಡಿ ಜಿಂಕೆ ಬಂದವು; ಬೇವಿನ ಮರವನ್ನೂ ಒಳಗೆ ಸೇರಿಸಿ ಸುತ್ತ ಬೇಲಿ ಬಿತ್ತು. ಬೇಸಿಗೆಯಲ್ಲಿ ಹೊಲದ ಕೆಲಸವಿಲ್ಲದೆ ಕಾರಂಜಿಗೆ ಕಲ್ಲು ಹೊತ್ತವರೂ ಆ ಹೆಂಗಸರೇ.

ಮುಂಗಾರಿನ ಹೊತ್ತಿಗೆ ತೋಟ ತೆರೆಯಿತು. ಮರುದಿನ ಗೇಟಿನಲ್ಲಿ ಕಾವಲುಗಾರ ಓಬಳೆಪ್ಪ ಅಡ್ಡ ನಿಂತಿದ್ದ.

"ಯಕ್ಕಾ, ಕೂಲಿಯವ್ರನ್ನ ಒಳಗ ಬಿಡಬ್ಯಾಡ ಅಂದಾರ. ಹುಲ್ಲು ಕೆಡತೈತಂತ."

"ಕಲ್ಲು ಹೊತ್ತು ಒಳಗ ಹೋಗುವಾಗ ಯಾರೂ ತಡೀಲಿಲ್ಲಲ್ಲೋ. ಸರಿ ಅತ್ತಾಗ," ಎಂದಳು ಹಂಪವ್ವ.

ಅವನು ಸರಿದ. ಅವಳು ನೆಟ್ಟಗೆ ಹೋಗಿ ಬೇವಿನ ಬುಡದಲ್ಲಿ ಕೂತಳು. ಹಿಂದಿನಿಂದ ಮುದಕಮ್ಮ ಬಂದಳು, ಉಳಿದವರೂ ಬಂದರು. ಬಳೆ ಮಾರುವ ಫಾತಿಮಾಬೀ ಸಹ ಬುಟ್ಟಿ ಇಳಿಸಿ ಅವರ ಮಗ್ಗುಲಲ್ಲಿ ಕೂತಳು.

ಸುದ್ದಿ ಮುಟ್ಟಿದ್ದೇ ತಡ, ತೋಟ ಮಾಡಿಸಿದ ಪುರಸಭೆಯ ಸದಸ್ಯ, ಕಾಳಿನ ವ್ಯಾಪಾರಿ ಉಮಾಪತಿ ಧಾವಿಸಿ ಬಂದ.

"ಏಳ್ರಬೇ! ಇದು ರೊಟ್ಟಿ ತಿನ್ನೋ ಜಾಗ ಅಲ್ಲ."

"ಮತ್ಯಾತಕ್ಕ ಐತ್ರಿ ಸಾವ್ಕಾರ್ರ?" ಹಂಪವ್ವ ಕೂತಲ್ಲೇ ಕೇಳಿದಳು.

"ನೋಡಾಕ!"

"ನಾವೂ ಕುಂತು ನೋಡ್ತೀವ್ರಿ."

ಎದುರಿನ ಚಹಾದಂಗಡಿಯಲ್ಲಿ ನಗೆಯೆದ್ದಿತು. ಉಮಾಪತಿಯ ಮುಖ ಕೆಂಪೇರಿತು. ಮಾಲಿಯ ಕೈಯಲ್ಲಿದ್ದ ಪೈಪು ಕಸಿದುಕೊಂಡು ಹೆಂಗಸರ ಮೇಲೆ ನೀರು ಬಿಟ್ಟ. ರೊಟ್ಟಿಗಂಟುಗಳು ತೊಯ್ದವು. ಮುದಕಮ್ಮ ಏಳಹೋದಳು, ಹಂಪವ್ವ ಅವಳ ಕೈ ಬಿಡಲಿಲ್ಲ. ಅವಳಿಗೂ ಅಂಜಿಕೆಯೇ. ಈ ಮನುಷ್ಯ ಒಂದು ಮಾತು ಆಡಿದರೆ ನಾಳೆ ಯಾರೂ ಕೂಲಿಗೆ ಕರೆಯಲಿಕ್ಕಿಲ್ಲ. ಆದರೂ ಮುಖ ಒರೆಸಿಕೊಂಡು ಗಟ್ಟಿಯಾಗಿ ಅಂದಳು:

"ದಿನವೆಲ್ಲಾ ಮೊಣಕಾಲಮಟ ಕೆಸರಾಗ ನಿಲ್ಲೋರಿಗೆ ನೀರು ತೋರಸ್ತೀರೇನ್ರಿ? ಬಿಡ್ರಿ ಇನ್ನಷ್ಟು, ಸೆಕಿ ಭಾಳ ಐತಿ."

ಅಂದು ಒಬ್ಬಳೂ ಹೊಲಕ್ಕೆ ಹೋಗಲಿಲ್ಲ. ಮರುದಿನವೂ ಇಲ್ಲ. ಕಾಲುವೆಗೆ ನೀರು ಬಂದಿತ್ತು, ಮಡಿಯಲ್ಲಿ ಸಸಿ ಬಲಿಯುತ್ತಿತ್ತು, ನಾಟಿಗೆ ತಡವಾಗುತ್ತಿತ್ತು. ಹಂಪವ್ವ ಅಂಜಿದ್ದಕ್ಕೆ ವಿರುದ್ಧವಾಗಿ ಗದ್ದೆಯವರು ಉಮಾಪತಿಯ ಅಂಗಡಿಗೇ ನುಗ್ಗಿದರು.

"ನಿಮ್ಮ ಹುಲ್ಲು ದೊಡ್ಡದೋ, ನಮ್ಮ ನೆಲ್ಲು ದೊಡ್ಡದೋ?"

ಪುರಸಭೆಯವರು ಕೂತು ಮಾತಾಡಿದರು. ಬೇವಿನ ಸುತ್ತ ಮತ್ತೆ ಕಟ್ಟೆ ಕಟ್ಟಿಸಿದರು. ಕೂಲಿಯವರಿಗೆಂದೇ ಹಿಂಬದಿಯ ಬೇಲಿ ಕತ್ತರಿಸಿ ಸಣ್ಣದೊಂದು ಗೇಟು ಇಟ್ಟರು. ಓಬಳೆಪ್ಪ ಹಿಗ್ಗಿನಿಂದ ಅದನ್ನು ತೋರಿಸಲು ಕರೆದೊಯ್ದ. ಗೇಟು ಗಟಾರಿನ ಕಡೆಗೆ ತೆರೆಯುತ್ತಿತ್ತು. ಹಂಪವ್ವ ಒಂದು ಕ್ಷಣ ನೋಡಿದಳು.

"ಹಿಂದಿನ ಬಾಗಲಾ ನಮಗ ಬ್ಯಾಡಪ್ಪ."

ಬೇಲಿಗುಂಟ ನಡೆದು ಮುಂದೆ ಬಂದಳು. ದೊಡ್ಡ ಗೇಟನ್ನು ಎರಡೂ ಕೈಯಿಂದ ದೂಡಿದಳು. ಯಾರೂ ಅಡ್ಡ ಬರಲಿಲ್ಲ. ಎಲ್ಲರೂ ಕಟ್ಟೆಯೇರಿ ಗಂಟು ಬಿಚ್ಚುವಷ್ಟರಲ್ಲಿ ರಸ್ತೆಯಲ್ಲಿ ನಾಟಿಗೆ ಆಳು ಒಯ್ಯುವ ಟ್ರ್ಯಾಕ್ಟರು ಬಂದು ನಿಂತು ಒಂದೇ ಸಮನೆ ಹಾರ್ನು ಹೊಡೆಯತೊಡಗಿತು.

"ನಿಲ್ರಿ," ಹಂಪವ್ವ ಕೂತಲ್ಲಿಂದಲೇ ಕೂಗಿದಳು, "ರೊಟ್ಟಿ ತಿಂದು ಬರ್ತೀವಿ."