ಹದಿನೇಳನೇ ಪುಟದ ಮೀನು

ತನ್ನ ಹೊಸ ಪುಸ್ತಕದ ಮೂರನೆಯ ಪ್ರತಿಯ ಬೆನ್ನಿಗೆ ದಬ್ಬಳ ಚುಚ್ಚಿ, ಮೇಣ ಸವರಿದ ದಾರವನ್ನು ಎಳೆಯುತ್ತಿದ್ದಳು ಕಾದಂಬರಿಕಾರ್ತಿ. ಪ್ರೆಸ್ಸಿನವರ ಅಂಟನ್ನು ಅವಳು ಎಂದೂ ನಂಬಿದವಳಲ್ಲ. ಅಂಗಡಿಗೆ ಹೋಗುವ ಪುಸ್ತಕ ಹೇಗಾದರೂ ಇರಲಿ, ಲೈಬ್ರರಿಗೆ ಕೊಡುವ ಪ್ರತಿಗಳನ್ನು ತಾನೇ ಹೊಲಿಯಬೇಕು. ದಿಂಬಿನ ಕೆಳಗಿನಿಂದ ಅಡುಗೆಕಟ್ಟೆಗೆ, ಅಲ್ಲಿಂದ ಪಕ್ಕದ ಮನೆಗೆ ಓಡಾಡುವ ಪುಸ್ತಕಗಳವು. ನಡುವೆ ಒಂದು ಹಾಳೆ ಕಳಚಿದರೆ ರಾಣಿ ಯಾರ ಕುದುರೆ ಏರಿ ಹೋದಳೆಂದು ಓದುವವಳಿಗೆ ತಿಳಿಯುವುದೇ ಇಲ್ಲ.

ಭಾನುವಾರ ಲೈಬ್ರರಿಯ ಹಾಲಿನಲ್ಲೇ ಬಿಡುಗಡೆ. ಅವಳು ಕುಳಿತಿದ್ದುದು ಅದರ ಹಿಂದಿನ ಕೋಣೆಯಲ್ಲಿ. ದಿನವಿಡೀ ಠಸ್ಸೆ ಒತ್ತುವ ಲೈಬ್ರರಿಯನ್ನಿಗೆ ಓದುಗರಿಟ್ಟ ಹೆಸರು ಸೀಲಮ್ಮ. ಅವಳು ಸುದ್ದಿಫಲಕದ ಹಾಳೆ ಹಿಡಿದು ಬಂದಳು.

"ಅಕ್ಕಾ, ಬೈಬೇಡಿ. ಲೈಬ್ರರಿ ಅಧ್ಯಕ್ಷರು 'ಪ್ರೇಮ' ಅನ್ನೋದನ್ನ ಹೊಡೆದುಹಾಕಿದಾರೆ. 'ಐತಿಹಾಸಿಕ ಕಾದಂಬರಿ' ಅಂತಷ್ಟೇ ಇರಲಿ ಅಂದ್ರು."

"ಇತಿಹಾಸದಲ್ಲಿ ಮಕ್ಕಳು ಹೇಗೆ ಹುಟ್ಟಿದ್ವಂತೆ? ಶಾಸನ ಕೆತ್ತಿಸಿನಾ?"

ಸೀಲಮ್ಮ ನಕ್ಕಳು. ಮರುಗಳಿಗೆಗೆ ಮುಖ ಸಣ್ಣದಾಯಿತು. "ಅಷ್ಟೇ ಆಗಿದ್ರೆ ಪರವಾಗಿಲ್ಲ. ಬಿಡುಗಡೆ ಮುಗಿದ ಮೇಲೆ ನಮ್ಮ ಪ್ರೇಮಕಾದಂಬರಿ ಕಪಾಟು ಖಾಲಿ ಮಾಡಿಸ್ತಾರಂತೆ. ಎಲ್ಲಾ ರದ್ದಿಗೆ."

ದಾರ ಕೈಯಲ್ಲೇ ನಿಂತಿತು. ಪತ್ರಿಕೆಗಳು ಅವಳ ಪುಸ್ತಕದ ಬಗ್ಗೆ ಒಂದು ಸಾಲು ಬರೆದದ್ದೇ ಅಪರೂಪ. ಬರೆದವರೊಬ್ಬರು 'ಮಧ್ಯಾಹ್ನದ ನಿದ್ದೆಗೆ ಒಳ್ಳೆಯದು' ಎಂದಿದ್ದರು. ತನ್ನದನ್ನು ಯಾರಾದರೂ ಓದಿದರೇ ಎಂಬ ಸುದ್ದಿ ಅವಳಿಗೆ ಸಿಗುತ್ತಿದ್ದುದು ಆ ಕಪಾಟಿನ ಪುಸ್ತಕಗಳ ಹದಿನೇಳನೇ ಪುಟದಿಂದ. ಓದಿದ್ದನ್ನೇ ಮತ್ತೆ ಒಯ್ಯದಿರಲೆಂದು ಹೆಂಗಸರು ಆ ಪುಟದ ಮೂಲೆಯಲ್ಲಿ ಪೆನ್ಸಿಲಿನಿಂದ ತಮ್ಮ ತಮ್ಮ ಗುರುತು ಹಾಕುತ್ತಿದ್ದರು. ಒಬ್ಬಳದು ಕೊಡೆ, ಇನ್ನೊಬ್ಬಳದು ಬೀಗದ ಕೈ, ಮತ್ತೊಬ್ಬಳದು ಮೀನು.

ಅಷ್ಟರಲ್ಲಿ ಅಧ್ಯಕ್ಷರೇ ಬಂದರು. ಸಿಮೆಂಟ್ ಅಂಗಡಿಯ ಯಜಮಾನರು. ಕೈಯಲ್ಲಿ ಅವಳದೇ ಹಳೆಯ ಕಾದಂಬರಿ.

"ನೋಡಿ ಮೇಡಂ, ಎಂಥಾ ವ್ಯವಹಾರ ನಡೀತಿದೆ! ಲೈಬ್ರರೀನ ಪ್ರೇಮಿಗಳು ಪೋಸ್ಟಾಫೀಸ್ ಮಾಡ್ಕೊಂಡಿದಾರೆ. ಕೊಡೆ ಅಂದ್ರೆ ಬಸ್ ಸ್ಟಾಪಿಗೆ ಬಾ ಅಂತ. ಮೀನು ಅಂದ್ರೆ ಕೆರೆ ಹತ್ರ. ಈ ಮೀನಂತೂ ಎಲ್ಲಾ ಪುಸ್ತಕದಲ್ಲೂ ಇದೆ. ನಾಚಿಕೆಗೆಟ್ಟದ್ದು!"

ಸೀಲಮ್ಮ ಗೋಡೆಯ ಕಡೆ ತಿರುಗಿಕೊಂಡಳು. ಮೀನು ಅಧ್ಯಕ್ಷರ ಹೆಂಡತಿಯದು.

"ಓದಿ ಆಯ್ತು ಅಂತ ಹೆಂಗಸರು ಹಾಕ್ಕೊಳ್ಳೋ ಗುರುತು ಸರ್ ಅದು," ಎಂದಳು ಕಾದಂಬರಿಕಾರ್ತಿ.

"ಯಾವ ಹೆಂಗಸರು? ಮರ್ಯಾದಸ್ಥ ಮನೆಯವರು ಇದನ್ನ ಓದ್ತಾರಾ? ಒಬ್ಬರ ಹೆಸರು ಹೇಳಿ, ಕಪಾಟು ಹಾಗೇ ಇರಲಿ. ಇಲ್ಲಾಂದ್ರೆ ತೂಕದ ಪುಸ್ತಕ ತರಿಸ್ತೀನಿ."

"ತೂಕವೇ ಬೇಕಾದ್ರೆ ನಿಮ್ಮಂಗಡಿ ಮೂಟೆ ತಂದಿಡಿ."

"ತಮಾಷೆ ಬೇಡ ಮೇಡಂ. ಹೆಸರು?"

ಹೆಸರು ನಾಲಿಗೆಯ ತುದಿಗೆ ಬಂದಿತ್ತು. ಒಂದೇ ಮಾತು, ಕಪಾಟು ಉಳಿಯುತ್ತಿತ್ತು, ಈ ಮನುಷ್ಯನ ಮುಖ ಸುಣ್ಣವಾಗುತ್ತಿತ್ತು. ಆದರೆ ತರಕಾರಿ ಚೀಲದ ತಳದಿಂದ ಪುಸ್ತಕ ತೆಗೆಯುತ್ತಾ ಆಕೆ ಒಮ್ಮೆ ಹೇಳಿದ್ದಳು: "ಮನೇಲಿ ನನ್ನದು ಅಂತ ಇರೋದು ಇದೊಂದೇ ಕಣ್ರೀ. ಅವರಿಗೆ ಗೊತ್ತಾದ್ರೆ ಇದೂ ಅವರದೇ ಆಗುತ್ತೆ." ಅವಳನ್ನು ಬಿಟ್ಟುಕೊಟ್ಟು ಕಪಾಟು ಉಳಿಸಿಕೊಂಡರೆ, ಆ ಕಪಾಟು ಯಾರಿಗಾಗಿ?

"ಹೆಸರು ಹೇಳಲ್ಲ."

"ಇದ್ರೆ ತಾನೇ ಹೇಳೋದು!" ಅಧ್ಯಕ್ಷರು ಗೆದ್ದವರಂತೆ ಪುಸ್ತಕ ಮೇಜಿನ ಮೇಲೆ ಹಾಕಿದರು. "ಇರಲಿ. ಭಾನುವಾರ ನಾಲ್ಕು ಒಳ್ಳೇ ಮಾತಾಡಿ. ಆಮೇಲೆ ಅಲ್ಲೇ ಸದಸ್ಯರ ಸಭೆ. ಅಧ್ಯಕ್ಷರು ಯಾರು ಅಂತ ಚೀಟಿ ಹಾಕೋದು ಇರುತ್ತಲ್ಲ, ಬರೀ ಶಾಸ್ತ್ರಕ್ಕೆ. ಎದುರಿಗೆ ಯಾರೂ ನಿಲ್ಲಲ್ಲ. ನೀವೂ ಇದ್ದು ಟೀ ಕುಡಿದುಹೋಗಿ."

ಅವರ ಚಪ್ಪಲಿಯ ಸದ್ದು ದೂರವಾಯಿತು.

"ಹೇಳಿಬಿಡಬೇಕಿತ್ತು ಅಕ್ಕಾ," ಎಂದಳು ಸೀಲಮ್ಮ. "ನನಗೇ ಬಾಯಿಗೆ ಬಂದಿತ್ತು."

"ನುಂಗಿಕೊಂಡ್ಯಲ್ಲ, ಒಳ್ಳೇದಾಯ್ತು." ಅವಳು ಗಂಟು ಹಾಕಿ ದಾರ ಕತ್ತರಿಸಿದಳು. "ಅಲ್ಲಾ, ಪುಸ್ತಕ ಒಯ್ಯೋರೆಲ್ಲ ಸದಸ್ಯರೇ ತಾನೇ?"

"ಮತ್ತೆ? ಸದಸ್ಯರಾಗದೆ ನಾನು ಕೊಡ್ತೀನಾ? ಯಾಕೆ?"

"ಸುಮ್ಮನೆ ಕೇಳಿದೆ. ಬಿಡುಗಡೆಗೆ ಎಲ್ಲರನ್ನೂ ಕರಿ. ಒಬ್ಬರನ್ನೂ ಬಿಡಬೇಡ."

"ಅಷ್ಟು ಜನಕ್ಕೆ ಕುರ್ಚಿ ಎಲ್ಲಿದೆ?"

"ನಿಂತ್ಕೋತಾರೆ ಬಿಡು."

ಚೀಟಿ ಮಡಿಸಿದ ಮೇಲೆ ಅದರಲ್ಲಿ ಯಾರ ಕೈಬರಹವೆಂದು ಯಾವ ಗಂಡನೂ ಕೇಳುವಂತಿಲ್ಲ. ಇಷ್ಟು ವರ್ಷ ತನ್ನ ರಾಣಿಯರನ್ನು ಸಿಂಹಾಸನಕ್ಕೆ ಹತ್ತಿಸಿದ್ದಳು, ತಾನು ಮಾತ್ರ ಹಿಂದಿನ ಕೋಣೆಯಲ್ಲಿ ಕುಳಿತು ಹೊಲಿಯುತ್ತಿದ್ದಳು. ಭಾನುವಾರ, ಎದುರಿಗೆ ಯಾರಾದರೂ ಇದ್ದೀರಾ ಎಂದು ಶಾಸ್ತ್ರಕ್ಕೆ ಕೇಳಿದಾಗ, ಎದ್ದು ನಿಲ್ಲಬೇಕು; ತಾನೂ ಸದಸ್ಯೆಯೇ ತಾನೇ.

"ಏನಕ್ಕಾ, ಒಬ್ಬರೇ ನಗ್ತಿದೀರಿ?"

"ಏನಿಲ್ಲ," ಎಂದಳು ಅವಳು. "ಆ ಇನ್ನೊಂದು ಪ್ರತಿ ಕೊಡು."