ಹನ್ನೊಂದನೆಯ ಅಂಗಿ

ಡೆಲ್ಫಿಯ ಹಗ್ಗದ ಮೇಲೆ ಆ ಮಂಗಳವಾರ ಹನ್ನೊಂದು ಗಂಡಸರ ಅಂಗಿಗಳು ಒಣಗುತ್ತಿದ್ದವು. ಮನೆಯಲ್ಲಿ ಗಂಡಸು ಒಬ್ಬನೂ ಇರಲಿಲ್ಲ. ಒಂದು ಮಂಚ, ಒಂದು ತಟ್ಟೆ, ಬಾಗಿಲ ಬಳಿ ಅವಳದೇ ಒಂದು ಜೊತೆ ಹರಕು ಬೂಟು. ಒಳಗೆ ಇಣುಕಿದ್ದರೆ ಯಾರಿಗಾದರೂ ಗೊತ್ತಾಗುತ್ತಿತ್ತು. ಇಣುಕಲು ಬಂದವನು ಮಾತ್ರ ಒಳಗೆ ಹೋಗಲೇ ಇಲ್ಲ.

ನಾನು ಟೆಂಪಿ, ಡೆಲ್ಫಿಯ ಪಕ್ಕದ ಮನೆಯವಳು. ನಮ್ಮಿಬ್ಬರಿಗೂ ಒಂದೇ ಅಂಗಳ, ಒಂದೇ ಬಾವಿ, ಒಂದೇ ಕೊಪ್ಪರಿಗೆ. ಸೋಮವಾರ ಬೆಳಿಗ್ಗೆ ದಿಬ್ಬದ ಮೇಲಿನ ಬಿಳಿಯರ ಮನೆಗಳಿಂದ ಬಟ್ಟೆಯ ಗಂಟು ತಲೆಯ ಮೇಲೆ ಹೊತ್ತು ತರುತ್ತೇವೆ. ಮಂಗಳವಾರ ಬೂದಿನೀರಿನಲ್ಲಿ ಕುದಿಸಿ, ಒಗೆದು, ಹರವುತ್ತೇವೆ. ಆಮೇಲೆ ಗಂಜಿ, ಇಸ್ತ್ರಿ. ಶನಿವಾರ ವಾಪಸ್. ಡೆಲ್ಫಿ ಈ ಕೆಲಸ ಹಿಡಿದು ಇಪ್ಪತ್ತು ವರ್ಷವಾಯಿತು. ಬೂದಿನೀರು ಅವಳ ಕೈಗಳನ್ನು ತಿಂದುಹಾಕಿದೆ. ಹೋದ ಚಳಿಗಾಲದಿಂದ ಬಲಗೈಯ ಎರಡು ಬೆರಳು ಮಡಿಸಲು ಬರುವುದಿಲ್ಲ. ಇಸ್ತ್ರಿಯನ್ನು ಎಡಗೈಯಲ್ಲಿ ಹಿಡಿಯುತ್ತಾಳೆ. ಕೊರಳಪಟ್ಟಿಗಳನ್ನು ನಾನು ಮಾಡಿಕೊಡುತ್ತೇನೆ. ಆ ಎಡಗೈಯೂ ನಿಂತರೆ ಜೋಳದ ರೊಟ್ಟಿಯೂ ನಿಲ್ಲುತ್ತದೆ, ಅದು ಅವಳಿಗೂ ಗೊತ್ತು, ನನಗೂ ಗೊತ್ತು.

ನಮಗೆ ಅಕ್ಷರ ಬರುವುದಿಲ್ಲ. ಯಾವ ಬಟ್ಟೆ ಯಾವ ಮನೆಯದೆಂದು ತಿಳಿಯಲು ಕೊರಳಪಟ್ಟಿಯ ಒಳಗೆ ದಾರದ ಗುರುತು ಹಾಕುತ್ತೇವೆ. ಜಡ್ಜಿನ ಮನೆಗೆ ಕೆಂಪು, ಡಾಕ್ಟರಿಗೆ ಹಳದಿ, ಗ್ಯಾರಟ್ ಅಮ್ಮನ ವಸತಿಗೃಹಕ್ಕೆ ನೀಲಿ. ವಸತಿಗೃಹದಲ್ಲಿ ಎಷ್ಟನೆಯ ಕೋಣೆಯೋ ಅಷ್ಟು ಹೊಲಿಗೆ. ಆ ಕೋಣೆಯಲ್ಲಿ ಯಾರಿದ್ದಾರೆಂದು ನಮಗೆ ಯಾರೂ ಹೇಳುವುದಿಲ್ಲ, ನಾವು ಕೇಳುವುದೂ ಇಲ್ಲ.

ಡೆಲ್ಫಿಯ ಗಂಡ ಐಶಮ್. ಉತ್ತರದವರಿಗೂ ದಕ್ಷಿಣದವರಿಗೂ ಯುದ್ಧ ಶುರುವಾದಾಗ ಇಬ್ಬರೂ ಪ್ರೂಯಿಟ್ ದೊರೆಯ ಹತ್ತಿ ತೋಟದಲ್ಲಿ ಗುಲಾಮರು. ಐಶಮ್ ಅಲ್ಲಿಂದ ತಪ್ಪಿಸಿಕೊಂಡು ಹೋಗಿ ಉತ್ತರದವರ ನೀಲಿ ಕೋಟಿನ ಕರಿಯರ ಪಲ್ಟನ್ ಸೇರಿದ. ಎರಡನೆಯ ಬೇಸಿಗೆಯಲ್ಲಿ ದಂಡಿನ ಬಿಡಾರದಲ್ಲೇ ಜ್ವರ ಬಂದು ಸತ್ತ. ಗೆದ್ದ ಸರ್ಕಾರ ಸತ್ತ ಸಿಪಾಯಿಗಳ ಹೆಂಡಿರಿಗೆ ತಿಂಗಳಿಗೆ ಎಂಟು ಡಾಲರ್ ಪಿಂಚಣಿ ಅಂದಿತು. ಅದು ಡೆಲ್ಫಿಯ ಕಿವಿಗೆ ಬೀಳಲು ಹದಿನೈದು ವರ್ಷ ಹಿಡಿಯಿತು. ಪಾದ್ರಿ ಹೇಳಿದ ದಿನವೇ ಅರ್ಜಿ ಹಾಕಿಸಿದಳು. ಅದಾಗಿ ಆರು ವರ್ಷ.

ಆರು ವರ್ಷವೂ ಪಿಂಚಣಿ ಕಚೇರಿಯವರು ಕೇಳಿದ್ದೇ ಕೇಳಿದ್ದು. ಮದುವೆಯ ಪತ್ರ ಎಲ್ಲಿ? ಗುಲಾಮರಿಗೆ ಯಾವ ಪತ್ರ? ದೊರೆ ನೆಲದ ಮೇಲೆ ಪೊರಕೆ ಇಟ್ಟ, ಇಬ್ಬರೂ ಅದನ್ನು ಹಾರಿದರು, ಮದುವೆ ಮುಗಿಯಿತು. ಹಾಗಾದರೆ ದೊರೆಯ ಮನೆಯವರು ಪ್ರಮಾಣ ಮಾಡಲಿ ಅಂದರು. ದೊರೆಯ ಮಗಳು ಮಾಡಿದಳು, ಅದಕ್ಕೆ ಒಂದು ತಿಂಗಳು ಡೆಲ್ಫಿಯಿಂದ ಬಿಟ್ಟಿ ನೆಲ ತಿಕ್ಕಿಸಿಕೊಂಡಳು. ಪಲ್ಟನ್ನಿನ ಪಟ್ಟಿಯಲ್ಲಿ ಐಶಮ್ ಪ್ರೂಯಿಟ್ ಅಂತಿದೆ, ನೀನು ಡೆಲ್ಫಿ ರಸ್ಕ್ ಹೇಗೆ? ದಂಡಿನ ಗುಮಾಸ್ತ ದೊರೆಯ ಹೆಸರನ್ನು ಬರೆದುಕೊಂಡ, ಬಿಡುಗಡೆಯಾದ ಮೇಲೆ ಡೆಲ್ಫಿ ತನ್ನಪ್ಪನ ಹೆಸರು ಇಟ್ಟುಕೊಂಡಳು. ಅದಕ್ಕೂ ಸಾಕ್ಷಿ ಕೊಡಿಸಿದ್ದಾಯಿತು. ಒಂದೊಂದು ಕಾಗದಕ್ಕೆ ಉತ್ತರ ಬರಲು ಅರ್ಧ ವರ್ಷ.

ಕೊನೆಗೆ ಉಳಿದದ್ದು ಒಂದೇ ಪ್ರಶ್ನೆ. ಗಂಡ ಸತ್ತ ಮೇಲೆ ಬೇರೆ ಗಂಡಸಿನ ಜೊತೆ ಬಾಳಿದ್ದಾಳೋ? ಗಂಡಸನ್ನು ಇಟ್ಟುಕೊಂಡವಳು ಕಾನೂನಿನ ಪ್ರಕಾರ ಸಿಪಾಯಿಯ ವಿಧವೆಯಲ್ಲ. ಅದನ್ನು ನೋಡಿಕೊಂಡು ಬರಲು ಲೂಮಿಸ್ ಎಂಬ ತನಿಖೆ ಸಾಹೇಬನನ್ನು ಉತ್ತರದಿಂದ ಕಳಿಸಿದರು.

ಆ ಮಂಗಳವಾರ ಅವನು ಬಂದಾಗ ಡೆಲ್ಫಿ ಬಾವಿಯ ಹತ್ತಿರವಿದ್ದಳು. ಅವನು ನೇರ ನನ್ನ ಬಳಿ ಬಂದ. ಟೋಪಿ ತೆಗೆದ, ಮೆತ್ತಗೆ ಮಾತಾಡಿದ. ಬಿಳಿಯನೊಬ್ಬ ನನ್ನ ಮುಂದೆ ಟೋಪಿ ತೆಗೆದದ್ದು ಅದೇ ಮೊದಲು. ನಾನು ಉಬ್ಬಿಹೋದೆ.

"ಡೆಲ್ಫಿ ಮನೇಲಿ ಗಂಡಸರು ಯಾರಾದ್ರೂ ಇದಾರಾ?" ಅಂದ.

ನನ್ನ ಬಾಯಿ ನನ್ನ ಮಾತು ಕೇಳುವುದಿಲ್ಲ. "ಆ ಹಗ್ಗ ನೋಡಿ ಸಾಹೇಬ್ರೆ. ಹನ್ನೊಂದು ಗಂಡಸ್ರನ್ನ ಒಗ್ದು ನೇತಾಕವ್ಳೆ. ಇನ್ನೊಬ್ಬನ್ನ ಎಲ್ಲಿ ಇಟ್ಕತಾಳೆ?" ಅಂದೆ.

ಅವನು ನಗಲಿಲ್ಲ. ಹಗ್ಗದ ಹತ್ತಿರ ಹೋದ. ಬೆರಳು ಮಡಿಸಿ ಎಣಿಸಿದ. ಒಂದು ಅಂಗಿಯ ಗುಂಡಿಯನ್ನು ಹಿಡಿದು ನೋಡಿದ. ವಾಪಸ್ ಬಂದು ಏನೋ ಬರೆದ. ಪೆನ್ನು ಮುಟ್ಟು ಅಂದ. ನಮ್ಮ ರುಜು ಅಂದರೆ ಅಷ್ಟೇ, ಗೀಟು ಎಳೆಯುವವರು ಅವರು, ಪೆನ್ನಿನ ಬಾಲ ಮುಟ್ಟುವವರು ನಾವು. ಮುಟ್ಟಿದೆ.

ಮುಂದಿನ ಸೋಮವಾರ ಕೋರ್ಟಿನ ಪಕ್ಕದ ಕೋಣೆಯಲ್ಲಿ ವಿಚಾರಣೆ. ಡೆಲ್ಫಿ ಇದ್ದೊಂದು ಕರಿ ಉಡುಪು ತೊಟ್ಟಿದ್ದಳು. ಅವಳ ಜೊತೆ ನಾನೂ ನಮ್ಮ ಕೇರಿಯ ಐದು ಜನ ಒಗೆಯುವ ಹೆಂಗಸರೂ ಹೋಗಿ ಹಿಂದಿನ ಗೋಡೆಗೆ ಒರಗಿ ನಿಂತೆವು. ಒಳಗೆ ಸೆಕೆ. ಲೂಮಿಸ್ ಸಾಹೇಬ ಟೈ ಸಡಿಲ ಮಾಡಿಕೊಂಡು ಓದಿದ.

"ಅರ್ಜಿದಾರಳ ಅಂಗಳದಲ್ಲಿ ಗಂಡಸರ ಹನ್ನೊಂದು ಅಂಗಿಗಳು ಕಂಡುಬಂದಿವೆ. ನೆರೆಯ ಟೆಂಪಿ ಎಂಬುವಳು ತಾನಾಗಿಯೇ ಅವನ್ನು ತೋರಿಸಿದ್ದಾಳೆ. ಬೆಲೆಬಾಳುವ ಒಂದು ಅಂಗಿಗೆ ಕೊರಳಿನ ಬಳಿ ಬೇರೆ ಬಣ್ಣದ ಗುಂಡಿಯನ್ನು ಹೊಸದಾಗಿ ಹೊಲಿಯಲಾಗಿದೆ. ಕೂಲಿಗೆ ಒಗೆಯುವವಳು ಗುಂಡಿ ಹೊಲಿಯುವುದಿಲ್ಲ. ಹೆಂಡತಿ ಹೊಲಿಯುತ್ತಾಳೆ."

ನನಗೆ ನೆಲ ಬಾಯಿಬಿಡಬಾರದೇ ಅನ್ನಿಸಿತು. ನನ್ನ ತಮಾಷೆ ಅಲ್ಲಿ ಸಾಕ್ಷಿಯಾಗಿ ಕೂತಿತ್ತು.

"ಆ ಅಂಗಿ ಯಾರದ್ದು, ಹೇಳು," ಅಂದ ಅವನು. ಅವಳಿಗಿಂತ ಇಪ್ಪತ್ತು ವರ್ಷ ಚಿಕ್ಕವನು.

ಡೆಲ್ಫಿ ಅವನ ಕತ್ತನ್ನೇ ನೋಡುತ್ತಿದ್ದಳು. ಆಮೇಲೆ ಮೆತ್ತಗೆ ಕೇಳಿದಳು. "ಹಳದಿ ಮೂಳೆ ಗುಂಡಿ ಅಲ್ವಾ ಸಾಹೇಬ್ರೆ?"

"ಹೌದು."

"ಬಿದ್ದೋಗಿತ್ತು. ಗುಂಡಿ ಇಲ್ದೆ ಕಳ್ಸಿದ್ರೆ ನೀನೇ ಕಳ್ದೆ ಅಂತ ಗ್ಯಾರಟ್ ಅಮ್ಮ ಕೂಲಿ ಹಿಡ್ಕತಾರೆ. ಅದಕ್ಕೆ ನನ್ ಡಬ್ಬೀಲಿದ್ದಿದ್ನ ಹೊಲ್ದೆ. ಈಗ ಅದು ನಿಮ್ ಕತ್ತಲ್ಲೈತೆ."

ಅವನ ಕೈ ತಾನಾಗಿ ಕತ್ತಿಗೆ ಹೋಯಿತು.

"ಪಟ್ಟಿ ಒಳಗೆ ನೀಲಿ ದಾರದಲ್ಲಿ ನಾಕು ಹೊಲಿಗೆ ಐತೆ, ಗ್ಯಾರಟ್ ಅಮ್ಮನ ನಾಕನೇ ಕೋಣೇದು. ತಿರುಗ್ಸಿ ನೋಡ್ಕಳಿ," ಅಂದಳು ಡೆಲ್ಫಿ.

ಅವನು ತಿರುಗಿಸಿ ನೋಡಲಿಲ್ಲ. ನೋಡುವುದು ಬೇಕಾಗಿರಲಿಲ್ಲ, ಮುಖ ಕಿವಿಯವರೆಗೂ ಕೆಂಪಾಗಿತ್ತು. ಬಟ್ಟೆ ಮಡಿಸಿ ಬರುವುದನ್ನು ಮಾತ್ರ ಕಂಡವರಿಗೆ ತಮ್ಮ ಅಂಗಿ ಹಗ್ಗದ ಮೇಲೆ ಹೇಗಿರುತ್ತದೆಂದು ಗೊತ್ತಿರುವುದಿಲ್ಲ. ನಮ್ಮ ಜೊತೆ ಬಂದ ಹೆಂಗಸರಲ್ಲಿ ನನ್ನ ಪಕ್ಕ ನಿಂತಿದ್ದ ಸಿಲ್ವಿ ನಗು ತಡೆಯಲು ಕೈಯನ್ನೇ ಬಾಯಿಗೆ ತುರುಕಿಕೊಂಡಳು. ಈಗ ಮುಗಿಯಿತು, ಕಾಗದ ಹರಿದುಹಾಕುತ್ತಾನೆ ಅಂತ ನಾನು ನಂಬಿದೆ. ಎಂಥ ಪೆದ್ದಿ ನಾನು.

ಸಾಹೇಬ ಕಾಗದಗಳನ್ನು ನೆಟ್ಟಗೆ ಜೋಡಿಸಿಟ್ಟ. ಬರೆದು ರುಜು ಆದದ್ದನ್ನು ಅಳಿಸುವ ಅಧಿಕಾರ ತನಗಿಲ್ಲವೆಂದ. ಒಂದೊಂದು ಅಂಗಿಯ ಯಜಮಾನನೂ ಇದು ನನ್ನದೆಂದು ಬರೆದುಕೊಡಬೇಕು, ಹನ್ನೊಂದೂ ಬಂದರೆ ಕಚೇರಿ ಯೋಚಿಸುತ್ತದೆ ಅಂದ.

"ನಿಮ್ದು ನೀವು ಬರ್ಕೊಡ್ತೀರಾ?" ಡೆಲ್ಫಿ ಕೇಳಿದಳು.

"ತನಿಖೆ ಮಾಡೋನು ಅದೇ ಕೇಸಲ್ಲಿ ಸಾಕ್ಷಿ ಆಗೋ ಹಾಗಿಲ್ಲ. ಅದು ನಿಯಮ." ಪುಸ್ತಕ ಮುಚ್ಚಿದ. ಕೆಟ್ಟವನ ಹಾಗೂ ಕಾಣಲಿಲ್ಲ ಅವನು. ಅದೇ ನನಗೆ ಇನ್ನೂ ಉರಿ.

ದಾರಿಯುದ್ದಕ್ಕೂ ಡೆಲ್ಫಿ ನಮ್ಮೆಲ್ಲರಿಗಿಂತ ಮುಂದೆ ನಡೆದಳು. ಕೊಪ್ಪರಿಗೆಯ ಹತ್ತಿರ ಬಂದು ಕೂತಳು. ನಾನು ಅವಳ ಕಾಲ ಬಳಿ ಕೂತು, ಅಕ್ಕಾ, ನನ್ನ ಬಾಯಿಂದ ಹಿಂಗಾಯ್ತು ಅಂತ ಅತ್ತೆ.

"ನಿನ್ ಬಾಯಿಂದಲ್ಲ, ಬರ್ಕಂಡೋನ ಕೈಯಿಂದ," ಅಂದಳು. ತನ್ನ ಮಡಿಸಲಾರದ ಬೆರಳುಗಳನ್ನು ನೋಡಿಕೊಂಡಳು. "ಇಷ್ಟ್ ವರ್ಸ ಅವ್ರ ಕೊಳೆ ಒಗ್ದೆ ಕಣೆ. ಅದೇ ಕೊಳೆ ತಂದು ನನ್ಗೆ ಮೆತ್ತಿದ್ರು."

ಸಿಲ್ವಿ ಗಟ್ಟಿ ಗಂಟಲಿನ ಹೆಂಗಸು. ಅವಳ ಗಂಡನೂ ಅದೇ ಪಲ್ಟನ್ನಿನಲ್ಲಿ ಸತ್ತವನು, ಅವಳ ಅರ್ಜಿಯೂ ಕಚೇರಿಯಲ್ಲಿ ಕೊಳೆಯುತ್ತಿದೆ. "ಬರ್ಕೊಡ್ಬೇಕಾದೋರು ಅಂಗಿ ಯಜಮಾನ್ರು ತಾನೆ? ಬರ್ಕೊಡ್ಲಿ. ಅಲ್ಲೀಗಂಟ ಒಂದಂಗಿನೂ ಈ ಅಂಗಳ ದಾಟ್ಕೂಡ್ದು," ಅಂದಳು.

ಡೆಲ್ಫಿ ಬೇಡವೆಂದಳು. ನನ್ನೊಬ್ಬಳಿಗಾಗಿ ನಿಮಗೆ ಬಟ್ಟೆ ಕೊಡುವ ಮನೆಗಳು ತಪ್ಪಿಹೋಗುತ್ತವೆ ಅಂದಳು.

"ಇವತ್ತು ನಿನ್ ಹಗ್ಗ ಎಣಿಸ್ದ. ನಾಳೆ ನನ್ದು ಎಣಿಸ್ತಾನೆ," ಅಂದಳು ಸಿಲ್ವಿ.

ವಿಚಾರಣೆಯಿಂದ ತಡವಾದ ಆ ವಾರದ ಗಂಟುಗಳನ್ನು ಮರುದಿನ ತಂದು ಒಗೆದೆವು. ಆ ಶನಿವಾರ ಮಾತ್ರ ನಮ್ಮ ಏಳು ಜನರಲ್ಲಿ ಒಬ್ಬಳೂ ಗಂಟು ಹೊರಲಿಲ್ಲ. ಭಾನುವಾರ ದಿಬ್ಬದ ಮೇಲಿನ ಗಂಡಸರು ಹಳೆಯ ಕೊರಳಪಟ್ಟಿಯಲ್ಲೇ ಚರ್ಚಿಗೆ ಹೋದರು. ಸೋಮವಾರ ಅಡುಗೆಯವರು ಬಂದು ಕೂಗಾಡಿದರು. ಬಟ್ಟೆ ಶುಭ್ರವಾಗಿದೆ, ಇಸ್ತ್ರಿಯಾಗಿದೆ, ಒಂದು ಸಾಲು ಬರೆಸಿಕೊಂಡು ಬನ್ನಿ ಅಂದೆವು. ಶೆರೀಫ ಕುದುರೆಯ ಮೇಲೆ ಬಂದು, ಎಲ್ಲರನ್ನೂ ಒಳಗೆ ಹಾಕುತ್ತೇನೆ ಅಂದ. ಡೆಲ್ಫಿ ಅವನದೇ ಅಂಗಿಯನ್ನು ಮಡಿಸಿ ಅವನ ಮುಂದೆ ಹಿಡಿದಳು. ಮೊದಲು ಬೈದ, ಆಮೇಲೆ ವಿಷಯ ಕೇಳಿ ಬಿದ್ದುಬಿದ್ದು ನಕ್ಕು, ಇದು ನನ್ನದು ಅಂತ ಬರೆದುಕೊಟ್ಟ. ಕೋರ್ಟು ಕೂರುವ ಹಿಂದಿನ ದಿನ ಜಡ್ಜೂ ಬರೆದು ಕಳಿಸಿದ. ಡಾಕ್ಟರ ಹೆಂಡತಿ ಮಾತ್ರ ಬಟ್ಟೆಯನ್ನು ಕಿತ್ತುಕೊಂಡು ಹೋಗಿ, ಇನ್ನು ನೀನೇ ಒಗೆ ಅಂತ ಊರಾಚೆ ಬಟ್ಟೆ ಒಗೆಯುವ ಕ್ರೆಸಿಗೆ ಕೊಟ್ಟಳು. ಕ್ರೆಸಿ ವಿಷಯ ತಿಳಿದು, ಎರಡು ಮೈಲಿ ನಡೆದು ಬಂದು ಆ ಗಂಟನ್ನು ಡೆಲ್ಫಿಯ ಜಗಲಿಯ ಮೇಲಿಟ್ಟು ಹೋದಳು.

ಮೂರು ವಾರದಲ್ಲಿ ಡಾಕ್ಟರದೂ ಸೇರಿ ಹತ್ತು ಚೀಟಿ ಬಂದವು. ಅವರಿಗೆ ಅದೊಂದು ಹಾಸ್ಯ. ಹೆಂಡದಂಗಡಿಯಲ್ಲಿ ತಿಂಗಳುಗಟ್ಟಲೆ ಹೇಳಿಕೊಂಡು ನಕ್ಕರಂತೆ. ನಾವು ನಗಲಿಲ್ಲ. ಸಿಲ್ವಿಗೆ ಅಂಗಡಿಯವನ ಮನೆ ತಪ್ಪಿತು. ನನಗೆ ಎರಡು ಮನೆ ತಪ್ಪಿದವು.

ಹನ್ನೊಂದನೆಯದು ನೀಲಿ ದಾರದ ನಾಲ್ಕು ಹೊಲಿಗೆಯದು. ವಿಚಾರಣೆಯ ಮರುದಿನವೇ ಗ್ಯಾರಟ್ ಅಮ್ಮನ ಗಂಟಿನಲ್ಲಿ ಬಂದಿತ್ತು, ಹಳದಿ ಗುಂಡಿಯ ಸಮೇತ. ಸಾಹೇಬ ಎರಡು ಸಲ ಅಡುಗೆಯವಳನ್ನು ಕಳಿಸಿದ. ಬರೆದುಕೊಡಲಿ ಅಂತ ಡೆಲ್ಫಿ ಎರಡು ಸಲವೂ ಹೇಳಿದಳು. ಮೂರನೆಯ ಸಲ ಯಾರೂ ಬರಲಿಲ್ಲ. ಅವನು ಅಂಗಿ ಬಿಟ್ಟು ರೈಲು ಹತ್ತಿದ್ದ.

ಪಾದ್ರಿ ಹತ್ತು ಚೀಟಿಗಳನ್ನೂ ಹೊಲಿದು ಕಳಿಸಿದರು. ಹನ್ನೊಂದನೆಯದು ಯಾರದೆಂದು ನಡೆದದ್ದನ್ನು ನಡೆದಂತೆ ಬರೆದು ಜೊತೆಗಿಟ್ಟರು. ಐದು ತಿಂಗಳಾದ ಮೇಲೆ ಉತ್ತರ ಬಂತು. ಎಲ್ಲರೂ ಡೆಲ್ಫಿಯ ಜಗಲಿಯಲ್ಲಿ ಕೂತೆವು. ಪಾದ್ರಿ ಓದಿದರು. ಹತ್ತು ಅಂಗಿಗಳ ವಿಷಯ ಕಚೇರಿಗೆ ಒಪ್ಪಿಗೆಯಾಗಿದೆ. ಹನ್ನೊಂದನೆಯ ಅಂಗಿಯ ಯಜಮಾನ ಯಾರೆಂಬುದಕ್ಕೆ ಆಧಾರವಿಲ್ಲ. ಆದಕಾರಣ ಅರ್ಜಿಯನ್ನು ತಿರಸ್ಕರಿಸಲಾಗಿದೆ.

ಕೆಳಗಿನ ರುಜು ಯಾರದು ಅಂತ ಸಿಲ್ವಿ ಕೇಳಿದಳು. ಪಾದ್ರಿ ಕನ್ನಡಕ ತೆಗೆದು ಒರೆಸಿಕೊಂಡರು. ಲೂಮಿಸ್‌ನದೇ ಅಂದರು.

ಡೆಲ್ಫಿ ಅಳಲಿಲ್ಲ. ಎದ್ದು ಒಳಗೆ ಹೋಗಿ ಆ ಅಂಗಿಯನ್ನು ತಂದು ಕೊಪ್ಪರಿಗೆಗೆ ಹಾಕಿದಳು. ಈಗಲೂ ಪ್ರತಿ ಮಂಗಳವಾರ ಅದನ್ನು ಒಗೆಯುತ್ತಾಳೆ. ಗಂಜಿ ಹಾಕಿ, ಎಡಗೈಯಲ್ಲಿ ಇಸ್ತ್ರಿ ಮಾಡಿ, ರಸ್ತೆಯ ಕಡೆಯ ಹಗ್ಗಕ್ಕೆ ಒಂದೇ ಒಂದನ್ನು ನೇತುಹಾಕುತ್ತಾಳೆ. ಹೋಗುವ ಬರುವವರು ಯಾರದ್ದು ಅಂತ ಕೇಳಿದರೆ, "ಸರ್ಕಾರದ್ದು," ಅನ್ನುತ್ತಾಳೆ.

ಸಿಲ್ವಿಯ ಅರ್ಜಿಗೆ ಹೊಸ ತನಿಖೆ ಸಾಹೇಬ ಮುಂದಿನ ವಾರ ಬರುತ್ತಾನಂತೆ. ಅವನೂ ಗ್ಯಾರಟ್ ಅಮ್ಮನ ಮನೆಯಲ್ಲೇ ಇಳಿಯುತ್ತಾನಂತೆ. ನಾವು ಮಾತಾಡಿಕೊಂಡಿದ್ದೇವೆ. ಬರೆದದ್ದನ್ನು ಪಾದ್ರಿ ಓದಿ ಹೇಳುವ ತನಕ ಯಾರೂ ಪೆನ್ನು ಮುಟ್ಟುವುದಿಲ್ಲ. ಅವನು ಅಂಗಳಕ್ಕೆ ಕಾಲಿಟ್ಟು ನಮ್ಮ ಹಗ್ಗ ಎಣಿಸುವ ಮೊದಲು, ನಾವು ಅವನ ಕೊರಳಪಟ್ಟಿ ತಿರುಗಿಸಿ ನೋಡುತ್ತೇವೆ.